ಎರಡು ಗೇಣಿನ ಸಮುದ್ರ: ಬೆಟಗೇರಿಯ ತರಗತಿಯೊಂದರ ಪ್ರಕರಣ ಅಧ್ಯಯನ

ಹಿನ್ನೆಲೆ

ಗದಗ-ಬೆಟಗೇರಿ ಅವಳಿ ನಗರದ ಬೆಟಗೇರಿ ಭಾಗದ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಾನು ನಲಿ-ಕಲಿ ತರಗತಿಯನ್ನು ನಡೆಸುತ್ತೇನೆ. ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ಕುಳಿತು ಕಲಿಯುತ್ತಾರೆ. ಈ ಪ್ರಕರಣ ನಡೆದ ವರ್ಷ ಕೋಣೆಯಲ್ಲಿ 26 ಮಕ್ಕಳಿದ್ದರು. ಕೆಲವರದು ನೇಕಾರರ ಮನೆ, ಕೆಲವರ ತಂದೆಯಂದಿರು ಮುದ್ರಣಾಲಯಗಳಲ್ಲಿ ದುಡಿಯುವವರು, ಉಳಿದವರದು ಹಮಾಲಿ, ಗೌಂಡಿ ಕೆಲಸ, ಸಣ್ಣ ಅಂಗಡಿ. ಇವರಲ್ಲಿ ಸಮುದ್ರವನ್ನು ಕಣ್ಣಾರೆ ಕಂಡವರು ಇಬ್ಬರೇ: ಒಬ್ಬ ಗೋಕರ್ಣಕ್ಕೆ ಹೋದಾಗ, ಇನ್ನೊಬ್ಬಳು ಮುರುಡೇಶ್ವರಕ್ಕೆ ಹೋದಾಗ. ಗದಗದಿಂದ ಕಾರವಾರದ ಕಡಲಿಗೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ದಾರಿಯಿದ್ದು, ಉಳಿದವರಿಗೆ ಸಮುದ್ರವೆಂದರೆ ಟಿವಿಯ ಒಂದು ದೃಶ್ಯ ಅಥವಾ ಭೀಷ್ಮ ಕೆರೆಗಿಂತ ದೊಡ್ಡದಾದ ಇನ್ನೊಂದು ಕೆರೆ.

ಚಿತ್ರಕಲೆಯ ಅವಧಿಯಲ್ಲಿ ನಮ್ಮ ಮಕ್ಕಳು ಬಿಡಿಸುವುದು ಹೆಚ್ಚಾಗಿ ಒಂದೇ ಚಿತ್ರವನ್ನು. ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಮನೆ, ಪಕ್ಕದಲ್ಲಿ ತೆಂಗಿನ ಗಿಡ, ಮುಂದೆ ಹರಿಯುವ ಹಳ್ಳ. ಅದಕ್ಕೆ ಅವರು ‘ಸೀನರಿ’ ಎನ್ನುತ್ತಾರೆ. ಇದನ್ನು ಮಕ್ಕಳ ತಪ್ಪೆಂದು ನಾನು ಎಣಿಸುವುದಿಲ್ಲ. ನೋಡಲು ಬೇರೆ ಚಿತ್ರಗಳನ್ನೇ ಕೊಡದೆ ಬೇರೆ ಚಿತ್ರ ಬಿಡಿಸಿರೆಂದು ಕೇಳುವ ನಮ್ಮ ರೂಢಿಯ ಫಲ ಅದು. ಒಬ್ಬ ದೊಡ್ಡ ಕಲಾವಿದನ ಒಂದೇ ಚಿತ್ರವನ್ನು ತೆಗೆದುಕೊಂಡು, ಅದರೊಂದಿಗೆ ನಾಲ್ಕು ಶನಿವಾರ ಕಳೆಯಬೇಕೆಂದು ನಿರ್ಧರಿಸಿದೆ. ಆರಿಸಿಕೊಂಡದ್ದು ಜಪಾನಿನ ಕತ್ಸುಶಿಕಾ ಹೊಕುಸಾಯ್ ಮಾಡಿದ, ಜಗತ್ತು ‘ಮಹಾ ಅಲೆ’ ಎಂದು ಕರೆಯುವ ಚಿತ್ರ. ಅದರ ಜಪಾನಿ ಹೆಸರಿನ ಅರ್ಥ ‘ಕನಗಾವಾ ಕಡಲಿನ ಅಲೆಯ ಕೆಳಗೆ’ ಎಂದು. ಸುಮಾರು 1831ರಲ್ಲಿ, ಫ್ಯೂಜಿ ಪರ್ವತದ ಮೂವತ್ತಾರು ನೋಟಗಳ ಮಾಲಿಕೆಯಲ್ಲಿ ಅದು ಪ್ರಕಟವಾಯಿತು. ಮಾಲಿಕೆಯ ಹೆಸರು ಮೂವತ್ತಾರಾದರೂ ಜನರ ಬೇಡಿಕೆಯಿಂದ ಹತ್ತು ಸೇರಿ ಒಟ್ಟು ನಲವತ್ತಾರು ಚಿತ್ರಗಳಾದವು.

ಮೊದಲ ಶನಿವಾರ ಮತ್ತು ನನ್ನ ತಪ್ಪು

ಶಾಲೆಗೆ ದಾನಿಗಳು ಕೊಟ್ಟ ದೊಡ್ಡ ಟಿವಿ ಇದೆ. ಮೊದಲ ಶನಿವಾರ ಮುಂಜಾನೆ ಅದರಲ್ಲಿ ಕಾರವಾರ ತೀರದ ಅಲೆಗಳ ವಿಡಿಯೋ ತೋರಿಸಿ, ‘ಇದು ಸಮುದ್ರ’ ಎಂದು ವಿವರಿಸಿ, ಬಳಿಕ ಅದೇ ಪರದೆಯ ತುಂಬ ಹೊಕುಸಾಯ್ ಚಿತ್ರವನ್ನು ಹಾಕಿದೆ. ನೋಡದ ವಸ್ತುವಿನ ಚಿತ್ರವನ್ನು ತೋರಿಸುವ ಮೊದಲು ಆ ವಸ್ತುವನ್ನು ತೋರಿಸಬೇಕು ಎಂಬುದು ನನ್ನ ಲೆಕ್ಕವಾಗಿತ್ತು.

ಮಕ್ಕಳು ಮಾತಾಡಿದರು, ಚೆನ್ನಾಗಿಯೇ ಮಾತಾಡಿದರು. ಒಬ್ಬಳು, “ಹಾಲು ಉಕ್ಕಿ ಒಲಿ ಮ್ಯಾಲ ಬಿದ್ದಂಗ ಐತ್ರಿ” ಎಂದಳು. ಇನ್ನೊಬ್ಬ, “ಹುಲಿ ಪಂಜಾ ಐತ್ರಿ ಅಕ್ಕೋರ, ಉಗುರು ನೋಡ್ರಿ” ಎಂದ. (1888ರಲ್ಲಿ ವಿನ್ಸೆಂಟ್ ವಾನ್ ಗೋ ತನ್ನ ತಮ್ಮನಿಗೆ ಬರೆದ ಕಾಗದದಲ್ಲಿ ಹೊಕುಸಾಯ್‌ನ ಅಲೆಗಳನ್ನು ಪಂಜಕ್ಕೇ ಹೋಲಿಸಿದ್ದಾನೆ. ಹುಡುಗನಿಗೆ ಅದನ್ನು ಹೇಳಲಿಲ್ಲ. ಅವನ ಮಾತಿಗೆ ಇನ್ನೊಬ್ಬರ ಸಾಕ್ಷಿ ಬೇಕಿರಲಿಲ್ಲ.) ಹಿಂದೆ ಕಾಣುವ ಫ್ಯೂಜಿ ಪರ್ವತವನ್ನು ಎಲ್ಲರೂ ಇನ್ನೊಂದು ಅಲೆಯೆಂದೇ ತಿಳಿದರು. ದೋಣಿಗಳನ್ನು ಬಹಳ ಹೊತ್ತು ಯಾರೂ ಗಮನಿಸಲಿಲ್ಲ. ಮೊದಲು ಕಂಡವನು ಸಂಜೆ ಅರಬ್ಬಿ ಓದಲು ಹೋಗುವ ಒಬ್ಬ ಹುಡುಗ. ಅರಬ್ಬಿಯಂತೆ ಜಪಾನಿನ ಹಳೆಯ ಬರವಣಿಗೆಯೂ ಬಲದಿಂದ ಎಡಕ್ಕೆ ಸಾಗುತ್ತದೆ, ಬಲದಿಂದ ನೋಡುತ್ತ ಬಂದವರಿಗೆ ಈ ಚಿತ್ರದಲ್ಲಿ ಮೊದಲು ದೋಣಿಗಳೂ ಆಮೇಲೆ ಅಲೆಯೂ ಎದುರಾಗುತ್ತವೆ ಎಂಬುದು ಆಗ ನೆನಪಾಯಿತು. ಒಬ್ಬ ಹುಡುಗನ ಕಣ್ಣಿನಿಂದ ಏನನ್ನೂ ಸಾಧಿಸಿ ತೋರಿಸಲಾಗದು, ಆದರೂ ನನಗೆ ಅದು ಹಿಡಿಸಿತು.

“ದೋಣ್ಯಾಗ ಮಂದಿ ಅದಾರ್ರಿ! ಬಗ್ಗಿ ನಮಸ್ಕಾರ ಮಾಡಾಕತ್ತಾರ” ಎಂದು ಅವನು ಕೂಗಿದ ಕ್ಷಣದಲ್ಲಿಯೇ, ಎರಡನೆಯ ತರಗತಿಯ ಒಬ್ಬ ಹುಡುಗಿ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು, “ಅಕ್ಕೋರ, ಅದನ್ನ ಬಂದ್ ಮಾಡ್ರಿ” ಎಂದಳು. ಈ ಅಧ್ಯಯನ ಮುಖ್ಯವಾಗಿ ಅವಳನ್ನು ಕುರಿತದ್ದು.

ನಾನು ಟಿವಿ ಆರಿಸಲಿಲ್ಲ. ಅದು ಬರಿಯ ಚಿತ್ರ, ಹೆದರಬಾರದು, ದೋಣಿಯವರೆಲ್ಲರೂ ದಡ ಸೇರುತ್ತಾರೆ ಎಂದೆ. ಅವಳು ಬೆರಳುಗಳ ಸಂದಿಯಿಂದ ನನ್ನನ್ನು ನೋಡಿ, “ನಿಮಗ ಹೆಂಗ ಗೊತ್ತಾತ್ರಿ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಮಗುವನ್ನು ಸಮಾಧಾನಪಡಿಸುವ ಅವಸರದಲ್ಲಿ ನಾನು ಚಿತ್ರದಲ್ಲಿ ಇಲ್ಲದ ಸಂಗತಿಯನ್ನು ಹೇಳಿದ್ದೆ, ಮತ್ತು ಆ ಕೋಣೆಯಲ್ಲಿ ಚಿತ್ರವನ್ನು ಸರಿಯಾಗಿ ನೋಡಿದ್ದವಳು ಕಣ್ಣು ಮುಚ್ಚಿಕೊಂಡವಳೇ ಆಗಿದ್ದಳು.

ತಾಯಿಯೊಂದಿಗೆ ಮಾತುಕತೆ

ಸೋಮವಾರ ಅವಳ ತಾಯಿಯನ್ನು ಕಂಡೆ. ತಾಯಿಯ ತವರು ರೋಣ ತಾಲ್ಲೂಕಿನ ಮಲಪ್ರಭೆ ದಂಡೆಯ ಊರು. 2019ರ ಆಗಸ್ಟಿನಲ್ಲಿ ಜಲಾಶಯದಿಂದ ಬಿಟ್ಟ ನೀರೂ ಮಳೆಯೂ ಕೂಡಿ ಮಲಪ್ರಭೆ ಉಕ್ಕಿದಾಗ, ನರಗುಂದ ಮತ್ತು ರೋಣ ತಾಲ್ಲೂಕುಗಳ ದಂಡೆಯ ಊರುಗಳಿಗೆ ನೀರು ನುಗ್ಗಿತು. ಆ ತವರುಮನೆಗೂ ನುಗ್ಗಿತು. ಹುಡುಗಿ ಆಗ ಕೈಗೂಸು, ಅವಳಿಗೆ ಅದರ ನೆನಪಿರಲು ಸಾಧ್ಯವಿಲ್ಲ. ಆದರೆ ರಜೆಗೆ ಹೋದಾಗಲೆಲ್ಲ ಅವಳು ಮಲಗುವ ಪಡಸಾಲೆಯ ಗೋಡೆಯ ಮೇಲೆ ನೀರು ನಿಂತ ಗುರುತು ಇನ್ನೂ ಇದೆ. ಸುಣ್ಣ ಬಳಿದರೂ ಅದು ಮತ್ತೆ ಮೂಡುತ್ತದಂತೆ, ಮತ್ತು ಅದು ಅವಳ ತಲೆಗಿಂತ ಮೇಲಿದೆ. ಆಯಿ, ಅಂದರೆ ಅಜ್ಜಿ, ಆ ಗುರುತನ್ನು ತೋರಿಸಿ ತೋರಿಸಿ ಕಥೆ ಹೇಳಿದ್ದಾಳೆ. “ಮಳಿ ಜೋರ ಬಂದ್ರ ಸಾಕ್ರಿ ಅಕ್ಕೋರ, ಆಯಿಗೆ ಫೋನ್ ಹಚ್ಚು ಅಂತ ಕುಂದರತಾಳ” ಎಂದು ತಾಯಿ ಹೇಳಿದಳು.

ಇಲ್ಲಿ ಎರಡು ದಾರಿಗಳಿದ್ದವು. ಚಿತ್ರವನ್ನೇ ಕೈಬಿಟ್ಟು ಬೇರೊಂದನ್ನು ಆರಿಸಬಹುದಿತ್ತು, ಸಹೋದ್ಯೋಗಿಗಳ ಸಲಹೆಯೂ ಅದೇ ಆಗಿತ್ತು. ಇಲ್ಲವೇ ಅವಳೊಬ್ಬಳನ್ನು ಪಕ್ಕದ ಕೋಣೆಗೆ ಕಳಿಸಿ ಮುಂದುವರಿಯಬಹುದಿತ್ತು. ಎರಡೂ ನನಗೆ ಒಪ್ಪಿಗೆಯಾಗಲಿಲ್ಲ. ಮೊದಲನೆಯದರಿಂದ ಉಳಿದವರ ಕುತೂಹಲಕ್ಕೆ ನಷ್ಟ, ಎರಡನೆಯದರಿಂದ ಆ ಹುಡುಗಿ ಎಲ್ಲರ ಮುಂದೆ ‘ಹೆದರುಪುಕ್ಕಿ’ ಎನಿಸಿಕೊಳ್ಳುವಳು. ತಾಯಿಯನ್ನು ಕೇಳಿದಾಗ, “ನೋಡಲಿ ಬಿಡ್ರಿ, ಆದ್ರ ಒತ್ತಾಯ ಮಾಡಬ್ಯಾಡ್ರಿ” ಎಂದಳು. ಆ ಮಾತನ್ನೇ ನಿಯಮವಾಗಿ ಇಟ್ಟುಕೊಂಡೆ.

ಅಳತೆ

ಚಿತ್ರವನ್ನು ಮತ್ತೆ ಓದಿಕೊಂಡಾಗ ನಾನು ಗಮನಿಸದೆ ಬಿಟ್ಟಿದ್ದ ಒಂದು ಸಂಗತಿ ಎದುರಾಯಿತು. ಮೂಲ ಚಿತ್ರದ ಅಳತೆ ಸುಮಾರು 26 ಸೆಂಟಿಮೀಟರ್ ಎತ್ತರ, 38 ಸೆಂಟಿಮೀಟರ್ ಅಗಲ, ಅಷ್ಟೇ. ಎ-ಮೂರು ಹಾಳೆಗಿಂತ ಸ್ವಲ್ಪ ಚಿಕ್ಕದು. ಜನ ಅದನ್ನು ಕೈಯಲ್ಲಿ ಹಿಡಿದು, ಹತ್ತಿರ ತಂದುಕೊಂಡು ನೋಡುತ್ತಿದ್ದರು. ಪರದೆಯ ಮೇಲೆ ಅದನ್ನು ಮಕ್ಕಳ ತಲೆಯ ಮೇಲೆ ಎತ್ತಿ ನಿಲ್ಲಿಸಿದವಳು ನಾನು. ಗೋಡೆಯ ಮೇಲಿನ ನೀರಿನ ಗುರುತನ್ನು ನೋಡುವಂತೆಯೇ ಆ ಹುಡುಗಿ ಅದನ್ನು ಕತ್ತೆತ್ತಿ ನೋಡಬೇಕಾಗಿ ಬಂದಿತ್ತು.

ಎರಡನೆಯ ಶನಿವಾರ ಟಿವಿಯನ್ನು ಮುಚ್ಚಿಟ್ಟು, ನಿಜವಾದ ಅಳತೆಯಲ್ಲಿ ಬಣ್ಣದಲ್ಲಿ ಮುದ್ರಿಸಿದ ಎಂಟು ಪ್ರತಿಗಳನ್ನು ತಂದು ಗುಂಪಿಗೊಂದರಂತೆ ಕೊಟ್ಟೆ. ಸಮುದ್ರದ ಮಾತೆತ್ತದೆ, ಇದು ಎಷ್ಟು ದೊಡ್ಡದಿದೆ ಅಳೆಯಿರಿ ಎಂದಷ್ಟೇ ಹೇಳಿದೆ. ಅವರ ಪುಟ್ಟ ಕೈಗಳಿಗೆ ಎತ್ತರ ಎರಡು ಗೇಣು ತುಂಬಲಿಲ್ಲ, ಅಗಲ ಮೂರು ಗೇಣಿಗೆ ಸ್ವಲ್ಪ ಕಡಿಮೆಯಾಯಿತು. ಆ ಹುಡುಗಿಯ ಗುಂಪಿನಲ್ಲಿ ಹಾಳೆಯನ್ನು ಬೋರಲಾಗಿ ಇಡಲು ಅವಳಿಗೆ ಅವಕಾಶವಿತ್ತು. ಸ್ವಲ್ಪ ಹೊತ್ತು ಬೋರಲಾಗಿಯೇ ಇತ್ತು. ಬಳಿಕ ಅಳೆಯುವ ಸರದಿ ಬಂದಾಗ ಅವಳೇ ತಿರುವಿ, ಅಲೆಯ ಮೇಲೆ ಗೇಣು ಹಾಕಿದಳು. ಅಲೆ ಅವಳ ಅಂಗೈಯಡಿ ಮುಚ್ಚಿಹೋಯಿತು. ಅವಳು ಕೈ ತೆಗೆದು ನೋಡಿದಳು, ಮತ್ತೆ ಮುಚ್ಚಿದಳು, ಮತ್ತೆ ತೆಗೆದಳು. ನಾನು ಏನನ್ನೂ ಹೇಳಲಿಲ್ಲ.

ಫ್ಯೂಜಿಯ ಸಮಸ್ಯೆಯೂ ಅಂದೇ ಬಗೆಹರಿಯಿತು. ಮುಂಡರಗಿ ಕಡೆಯ ದಾರಿಯಲ್ಲಿ ಕಾಣುವ ಕಪ್ಪತಗುಡ್ಡ ದೂರದಿಂದ ಎಷ್ಟಿರುತ್ತದೆ ಎಂದು ಕೇಳಿದಾಗ ಒಬ್ಬ ಹೆಬ್ಬೆರಳು ತೋರಿಸಿದ. ಹಾಗಾದರೆ ಇದು ಜಪಾನಿನ ಅತಿ ಎತ್ತರದ ಗುಡ್ಡ, 3776 ಮೀಟರ್, ದೂರದಲ್ಲಿದೆ ಎಂದೆ. ಆಮೇಲೆ ಅದನ್ನು ಅಲೆಯೆಂದು ಯಾರೂ ಕರೆಯಲಿಲ್ಲ.

ಅಚ್ಚಿನ ಮಾತು

ಗದಗಿನ ಮಕ್ಕಳಿಗೆ ಈ ಚಿತ್ರದ ಬಾಗಿಲು ಸಮುದ್ರವಲ್ಲ, ಮುದ್ರಣ ಎಂಬ ನನ್ನ ತೀರ್ಮಾನಕ್ಕೆ ಮೂರನೆಯ ಶನಿವಾರ ಕಾರಣ. ಇದನ್ನು ವರ್ಣಚಿತ್ರವೆಂದು ಕರೆಯುವುದು ವಾಡಿಕೆಯಾದರೂ ಇದು ಕುಂಚದಿಂದ ಬರೆದ ಒಂದೇ ಪ್ರತಿಯ ಚಿತ್ರವಲ್ಲ, ಮರದ ಅಚ್ಚಿನಿಂದ ಒತ್ತಿದ್ದು. ಹೊಕುಸಾಯ್ ತೆಳು ಕಾಗದದ ಮೇಲೆ ಚಿತ್ರ ಬಿಡಿಸುತ್ತಿದ್ದ. ಕೊರೆಯುವವನು ಆ ಕಾಗದವನ್ನು ಚೆರ್ರಿ ಮರದ ಹಲಗೆಗೆ ಬೋರಲಾಗಿ ಅಂಟಿಸಿ, ಗೆರೆಗಳನ್ನು ಉಳಿಸಿ ಉಳಿದ ಮರವನ್ನು ಕೆತ್ತಿ ತೆಗೆಯುತ್ತಿದ್ದ. ಕಾಗದ ಆ ಕೆಲಸದಲ್ಲಿಯೇ ಹರಿದು ಹೋಗುತ್ತಿತ್ತು. ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚು. ಒತ್ತುವವನು ಬಣ್ಣ ಸವರಿ, ಕಾಗದ ಹಾಸಿ, ಬಿದಿರಿನ ಸಿಪ್ಪೆ ಸುತ್ತಿದ ದುಂಡನೆಯ ಸಾಧನದಿಂದ ಉಜ್ಜುತ್ತಿದ್ದ. ಇವೆಲ್ಲದರ ಹಿಂದೆ ಹಣ ಹೂಡಿದವನು ಪ್ರಕಾಶಕ ನಿಶಿಮುರಾಯಾ ಯೊಹಾಚಿ. ಕೊಳ್ಳುತ್ತಿದ್ದವರು ಪೇಟೆಯ ಸಾಮಾನ್ಯ ಜನ.

ಇದನ್ನೆಲ್ಲ ನಾನು ಹೇಳಿದ್ದರೆ ಪಾಠವಾಗುತ್ತಿತ್ತು. ಆಫ್‌ಸೆಟ್ ಮುದ್ರಣಾಲಯದಲ್ಲಿ ಕೆಲಸ ಮಾಡುವ ಒಬ್ಬ ತಂದೆ ಒಂದು ಗಂಟೆ ಬಿಡುವು ಮಾಡಿಕೊಂಡು ಬಂದರು. ಕ್ಯಾಲೆಂಡರಿನ ನಾಲ್ಕು ವೇಸ್ಟ್ ಶೀಟುಗಳನ್ನು ಚೀಲದಿಂದ ತೆಗೆದರು. ಒಂದರಲ್ಲಿ ಬರಿಯ ಹಳದಿ, ಮುಂದಿನದರಲ್ಲಿ ಹಳದಿಯ ಮೇಲೆ ಕೆಂಪು, ಹೀಗೆ ಒಂದೊಂದು ಪ್ಲೇಟಿನ ಬಣ್ಣ ಕೂಡುತ್ತ ಬಂದು ನಾಲ್ಕನೆಯದರಲ್ಲಿ ದೇವಿಯ ಚಿತ್ರ ಪೂರ್ತಿಯಾಗಿತ್ತು. ಐದನೆಯದೊಂದು ಹಾಳೆಯಲ್ಲಿ ಕೆಂಪು ಬಣ್ಣ ಸರಿದು ದೇವಿಗೆ ಎರಡು ಜೊತೆ ತುಟಿಗಳಿದ್ದವು. ಮಕ್ಕಳು ನಕ್ಕು ಹೊರಳಾಡಿದರು. “ಕೂದಲೆಳಿಯಷ್ಟು ಸರಿದ್ರೂ ಹಿಂಗಾಕೈತಿ, ಅದಕ್ಕ ಮೂಲ್ಯಾಗ ಗುರುತು ಇಟ್ಟಿರತೇವಿ” ಎಂದು ಅವರು ಹಾಳೆಯ ಅಂಚಿನ ಕೂಡುಗೆರೆಗಳನ್ನು ತೋರಿಸಿದರು. ಜಪಾನಿನ ಕುಶಲಕರ್ಮಿಗಳೂ ಹಲಗೆಯ ಮೂಲೆಯಲ್ಲಿ ಇಂಥದೇ ಗುರುತನ್ನು ಕೊರೆಯುತ್ತಿದ್ದರು, ಅದಕ್ಕೆ ‘ಕೆಂತೋ’ ಎನ್ನುತ್ತಾರೆ ಎಂದು ನಾನು ಸೇರಿಸಿದಾಗ, ಅವರು ನನ್ನ ಕೈಯಿಂದ ಹೊಕುಸಾಯ್ ಹಾಳೆಯನ್ನು ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿ, ಗೆರೆ ಎಲ್ಲಿಯೂ ಕಪ್ಪಿಲ್ಲವಲ್ಲ ಎಂದರು. ನಿಜ. ಆ ಚಿತ್ರದ ಹೊರಗೆರೆ ಕಪ್ಪಲ್ಲ, ಕಡುನೀಲಿ. ವೃತ್ತಿಯ ಕಣ್ಣು ಒಂದು ನಿಮಿಷದಲ್ಲಿ ಹಿಡಿದದ್ದನ್ನು ನಾನು ಪುಸ್ತಕದಿಂದ ತಿಳಿದಿದ್ದೆ.

ಆ ನೀಲಿಯ ಕಥೆ ನೇಕಾರರ ಮಕ್ಕಳಿಗೆ ರುಚಿಸಿತು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬರ್ಲಿನ್ ನಗರದಲ್ಲಿ ತಯಾರಾದ, ಪ್ರಷ್ಯನ್ ನೀಲಿ ಎಂಬ ಬಣ್ಣ ಡಚ್ ವರ್ತಕರ ಮೂಲಕ ಜಪಾನಿಗೆ ಬಂತು. 1830ರ ಹೊತ್ತಿಗೆ ಅಚ್ಚಿನ ಚಿತ್ರಗಳಲ್ಲಿ ಬಳಕೆಯಾಯಿತು. ಗಿಡದಿಂದ ತೆಗೆಯುವ ನೀಲಿಯಂತೆ ಅದು ಬೇಗ ಮಾಸುವುದಿಲ್ಲ. ಬಣ್ಣ ಬಿಡುವ ಸೀರೆ, ಬಿಡದ ಸೀರೆ ಎಂಬ ವಿಂಗಡಣೆ ಮನೆಯಲ್ಲಿಯೇ ಕೇಳಿದ ಮಕ್ಕಳಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗಲಿಲ್ಲ.

ಕಲಾವಿದನ ಬದುಕಿನಿಂದ ನಾನು ಆರಿಸಿಕೊಂಡದ್ದು ಕೆಲವೇ ಸಂಗತಿಗಳು. ಹೊಕುಸಾಯ್ 1760ರಲ್ಲಿ, ಇಂದು ಟೋಕಿಯೊ ಆಗಿರುವ ಎಡೊ ನಗರದಲ್ಲಿ ಹುಟ್ಟಿದ. ಹುಡುಗನಾಗಿದ್ದಾಗ ಮರದ ಅಚ್ಚು ಕೊರೆಯುವ ಕೆಲಸ ಕಲಿತ. ಮೂವತ್ತಕ್ಕೂ ಹೆಚ್ಚು ಸಲ ಹೆಸರು ಬದಲಿಸಿಕೊಂಡ. ತೊಂಬತ್ತಕ್ಕೂ ಹೆಚ್ಚು ಸಲ ಮನೆ ಬದಲಿಸಿದನೆಂದು ಹೇಳುತ್ತಾರೆ. ಬಾಡಿಗೆ ಮನೆಯ ಮಕ್ಕಳು ಇದಕ್ಕೆ, ಮಾಲೀಕರು ಬಿಡಿಸಿರಬೇಕು ಎಂದು ಕಾರಣ ಕೊಟ್ಟರು. ‘ಮಹಾ ಅಲೆ’ ಮಾಡಿದಾಗ ಆತನಿಗೆ ಎಪ್ಪತ್ತು ದಾಟಿತ್ತು ಎಂದಾಗ ಒಬ್ಬ, “ನಮ್ಮ ಅಜ್ಜ ಎಪ್ಪತ್ತಕ್ಕ ಮಗ್ಗ ಬಿಟ್ಟಾನ್ರಿ” ಎಂದು ಅನುಮಾನ ವ್ಯಕ್ತಪಡಿಸಿದ. ಅವನಿಗಾಗಿ ಇನ್ನೊಂದು ಚಿತ್ರ ತೋರಿಸಿದೆ. ಸುಮಾರು 1803ರಲ್ಲಿ, ಅಂದರೆ ಹೆಚ್ಚುಕಡಿಮೆ ಮೂವತ್ತು ವರ್ಷ ಮೊದಲು, ಹೊಕುಸಾಯ್ ಅದೇ ಕನಗಾವಾ ಕಡಲನ್ನು ಬಿಡಿಸಿದ್ದ. ಅಲ್ಲಿಯೂ ಎದ್ದು ನಿಂತ ಅಲೆಯಿದೆ, ಆದರೆ ನೊರೆಗೆ ಉಗುರುಗಳಿಲ್ಲ, ನೀರು ಗೋಡೆಯಂತೆ ಗಟ್ಟಿಯಾಗಿದೆ. ಹುಲಿ ಪಂಜದ ಹುಡುಗ ಎರಡನ್ನೂ ಹೋಲಿಸಿ, ಮೊದಲಿನದು ಸರಿಯಾಗಿ ಬಂದಿಲ್ಲ ಎಂದು ತೀರ್ಪು ಕೊಟ್ಟ. ಎಪ್ಪತ್ತರ ಮೊದಲು ತಾನು ಮಾಡಿದ್ದು ಗಣನೆಗೆ ಬಾರದು ಎಂಬ ಅರ್ಥದ ಮಾತನ್ನು ಹೊಕುಸಾಯ್ ತಾನೇ 1834ರಲ್ಲಿ ಬರೆದಿದ್ದಾನೆ. 2024ರಲ್ಲಿ ಬಂದ ಜಪಾನಿನ ಸಾವಿರ ಯೆನ್ ನೋಟಿನ ಹಿಂಬದಿಯಲ್ಲಿ ಈ ಅಲೆಯಿದೆ ಎಂಬುದನ್ನು ನಮ್ಮ ಐವತ್ತರ ನೋಟಿನ ಹಂಪಿಯ ರಥದೊಂದಿಗೆ ಹೇಳಿ ಮುಗಿಸಿದೆ.

ದೋಣಿಯ ಪ್ರಶ್ನೆ

ಅದೇ ದಿನ ನಾನು ಮೊದಲ ವಾರದ ನನ್ನ ಮಾತನ್ನು ಹಿಂತೆಗೆದುಕೊಂಡೆ. ದೋಣಿಯವರು ಉಳಿಯುತ್ತಾರೆ ಎಂದು ನಾನು ಹೇಳಿದ್ದು ತಪ್ಪು, ಹೊಕುಸಾಯ್ ಅದನ್ನು ತೋರಿಸಿಲ್ಲ, ನನಗೂ ಗೊತ್ತಿಲ್ಲ ಎಂದೆ. ಚಿತ್ರದಲ್ಲಿ ಇರುವುದು ಇಷ್ಟು: ಮೂರು ಉದ್ದನೆಯ ದೋಣಿಗಳು. ಹಿಡಿದ ತಾಜಾ ಮೀನನ್ನು ಎಡೊ ಪೇಟೆಗೆ ಬೇಗನೆ ಮುಟ್ಟಿಸುವ ಕೆಲಸ ಅವುಗಳದು. ಅವುಗಳ ಮೂತಿ ಎಡಕ್ಕೆ, ಅಲೆಯ ಕಡೆಗೇ ಇದೆ. ಒಳಗೆ ಹುಟ್ಟು ಹಾಕುವವರು ಬಗ್ಗಿದ್ದಾರೆ. ಎಷ್ಟು ಮಂದಿಯೆಂದು ಎಣಿಸಿದಾಗ ಒಂದೊಂದು ಗುಂಪಿಗೆ ಒಂದೊಂದು ಲೆಕ್ಕ ಬಂತು.

ನಮಸ್ಕಾರದ ವಾದ ಮತ್ತೆ ಎದ್ದಿತು. ಆಗ ಆ ಹುಡುಗಿ, ಯಾರೂ ಕೇಳದೆಯೇ, “ನಮಸ್ಕಾರ ಅಲ್ಲ. ದೋಣ್ಯಾಗ ನಿಂದರಬಾರದು. ನಿಂತ್ರ ಬೋರಲ ಬೀಳತೈತಿ” ಎಂದಳು. ಎಲ್ಲಿ ಕೇಳಿದ್ದೆ ಎಂದಾಗ, ಪ್ರವಾಹದ ದಿನ ಅಜ್ಜ ಮತ್ತು ಆಯಿಯನ್ನು ದೋಣಿಯಲ್ಲಿ ಕರೆದೊಯ್ದವರು, ಯಾರೂ ಏಳಬೇಡಿ, ತಗ್ಗಿ ಕುಳಿತುಕೊಳ್ಳಿ ಎಂದು ಒದರುತ್ತಿದ್ದರಂತೆ, ಆಯಿ ತನ್ನ ಟ್ರಂಕಿನ ಮೇಲೆ ಬಗ್ಗಿ ಮಲಗಿದ್ದಳಂತೆ ಎಂದು ವಿವರಿಸಿದಳು. ಕೋಣೆ ಸದ್ದಿಲ್ಲದೆ ಕೇಳಿತು. ಬಳಿಕ ಮಕ್ಕಳು ಹಾಳೆಗಳ ಮೇಲೆ ಮತ್ತೆ ಬಗ್ಗಿದಾಗ ಅವರು ಹುಡುಕುತ್ತಿದ್ದದ್ದು ಅಲೆಯನ್ನಲ್ಲ, ನಿಂತಿರುವವರು ಯಾರಾದರೂ ಇದ್ದಾರೆಯೇ ಎಂಬುದನ್ನು. ಒಬ್ಬರೂ ಸಿಗಲಿಲ್ಲ.

ಹೆದರಿದ ಮಗುವಿಗೆ ಧೈರ್ಯ ತುಂಬುವುದು ಶಿಕ್ಷಕರ ಕೆಲಸವೆಂದು ತರಬೇತಿಗಳಲ್ಲಿ ನಾವು ಕೇಳುತ್ತೇವೆ. ಈ ಪ್ರಕರಣದಲ್ಲಿ ಅವಳ ಹೆದರಿಕೆಯಲ್ಲಿ ನನಗಿಲ್ಲದ ತಿಳಿವಳಿಕೆಯಿತ್ತು. ಮೊದಲ ದಿನವೇ ‘ಹೆದರಬಾರದು’ ಎಂಬ ಮಾತಿನಿಂದ ನಾನು ಅದರ ಬಾಯಿ ಮುಚ್ಚಿಸಲು ಹೊರಟಿದ್ದೆ.

ನಾಲ್ಕನೆಯ ಶನಿವಾರ

ಚಾಕು, ಉಳಿಗಳನ್ನು ಈ ವಯಸ್ಸಿನ ಮಕ್ಕಳ ಕೈಗೆ ಕೊಡುವಂತಿರಲಿಲ್ಲ. ತಿಂಡಿ ಕೊಡುವ ಥರ್ಮೋಕೋಲ್ ತಟ್ಟೆಗಳ ಅಂಚು ಕತ್ತರಿಸಿ, ಚಪ್ಪಟೆ ಭಾಗವನ್ನು ಅಚ್ಚಿನ ಹಲಗೆಯಾಗಿ ಹಂಚಿದೆ. ಮುಗಿದ ಬಾಲ್‌ಪೆನ್ನಿನ ಮೊನೆಯಿಂದ ಒತ್ತಿ ಗೆರೆ ಎಳೆಯಬೇಕು, ನೀಲಿ ಪೋಸ್ಟರ್ ಬಣ್ಣವನ್ನು ಸ್ಪಂಜಿನಿಂದ ತೆಳ್ಳಗೆ ಸವರಬೇಕು, ಮೇಲೆ ಕಾಗದ ಹಾಕಿ ಚಮಚದ ಬೆನ್ನಿನಿಂದ ಉಜ್ಜಬೇಕು. ಬಣ್ಣ ನೀರಾದರೆ ಗೆರೆಗಳೊಳಗೆ ಇಳಿದು ಎಲ್ಲವೂ ನೀಲಿಯಾಗುತ್ತದೆ. ಮೊದಲ ಅರ್ಧ ಗಂಟೆ ಹಾಗೆಯೇ ಆಯಿತು. ಹೆಸರು ಬರೆದವರ ಹೆಸರುಗಳೆಲ್ಲ ತಿರುಗಾಮುರುಗಾ ಬಿದ್ದವು. ಕೊರೆಯುವವನು ಚಿತ್ರವನ್ನು ಬೋರಲಾಗಿ ಏಕೆ ಅಂಟಿಸುತ್ತಿದ್ದ ಎಂಬುದನ್ನು ವಿವರಿಸುವ ಕೆಲಸ ಹೀಗೆ ನನಗೆ ತಪ್ಪಿತು.

ಹೆಚ್ಚಿನವರು ಅಲೆಯನ್ನೇ ಮಾಡಿದರು. ಹಾಲು ಉಕ್ಕಿದ್ದನ್ನು ಕಂಡಿದ್ದವಳು ಪಾತ್ರೆಯನ್ನೂ ಸೇರಿಸಿದಳು. ಮೂವರು ‘ಸೀನರಿ’ಯನ್ನೇ ಮಾಡಿದರು, ಅವರನ್ನು ತಡೆಯಲಿಲ್ಲ.

ಆ ಹುಡುಗಿ ಅಲೆಯನ್ನು ಬಿಟ್ಟು ಒಂದು ದೋಣಿಯನ್ನು ಮಾತ್ರ ಗೀರಿದಳು. ಚಿತ್ರದಲ್ಲಿರುವಂತೆಯೇ ಮೂತಿ ಎಡಕ್ಕೆ, ಒಳಗೆ ಬಗ್ಗಿದ ಐದು ತಲೆಗಳು, ನಡುವೆ ಒಂದು ಚೌಕ. ಅದು ಟ್ರಂಕು ಎಂದಳು. ಬಣ್ಣ ಸವರಿ ಕಾಗದ ಉಜ್ಜಿ ಎತ್ತಿದಾಗ ದೋಣಿಯ ಮೂತಿ ಬಲಕ್ಕೆ ತಿರುಗಿತ್ತು. ಅವಳು ತಟ್ಟೆಯನ್ನೂ ಕಾಗದವನ್ನೂ ಅಕ್ಕಪಕ್ಕ ಇಟ್ಟು ನೋಡಿ, “ಅಕ್ಕೋರ, ಇದು ಹೊಳ್ಳಿ ಮನಿ ಕಡೆ ಹೊಂಟೈತ್ರಿ” ಎಂದಳು.

ಅವಳು ಇನ್ನಷ್ಟು ಪ್ರತಿಗಳನ್ನು ಒತ್ತಿದಳು. ಮರದ ಅಚ್ಚು ಕೂಡ ಒತ್ತಿ ಒತ್ತಿ ಸವೆಯುತ್ತದೆ, ಕೊನೆಯ ಪ್ರತಿಗಳಲ್ಲಿ ಗೆರೆ ಕಡಿಯುತ್ತದೆ. ಥರ್ಮೋಕೋಲ್ ಅಷ್ಟೂ ತಾಳುವುದಿಲ್ಲ. ಐದನೆಯ ಪ್ರತಿಯಲ್ಲಿ ಹುಟ್ಟುಗಳು ಮಾಯವಾದವು, ಏಳನೆಯದರಲ್ಲಿ ಟ್ರಂಕು ಬರಿಯ ನೀಲಿ ಮಚ್ಚೆಯಾಯಿತು. ಎಲ್ಲವನ್ನೂ ಹಗ್ಗಕ್ಕೆ ಸಿಕ್ಕಿಸಿ ಒಣಗಿಸಿ, ಮೊದಲನೆಯದನ್ನು ನೋಟ್‌ಬುಕ್ಕಿನೊಳಗೆ ಮಡಚದೆ ಇಟ್ಟುಕೊಂಡು, ಉಳಿದ ಆರನ್ನು ಗೆಳತಿಯರಿಗೆ ಹಂಚಿದಳು.